ಕಲ್ಮುರ್ಜಾ ಕೇಳದೆ ಕಳಿಸಿದ ಕಾರು

ಕಲ್ಮುರ್ಜಾನ ಕೈಯಲ್ಲಿ ಏಟು ತಿನ್ನದ ಗಂಡಸು ನಮ್ಮ ಬೆಟ್ಟದೂರು ಅಕ್-ತೆರೆಕ್‌ನಲ್ಲಿ ಇದ್ದಾನೆಂದರೆ, ಅವನು ಒಂದೋ ಹಾಸಿಗೆ ಹಿಡಿದವನು, ಇಲ್ಲ ಕಾರಿಲ್ಲದವನು. ಗಿರಾಕಿಗಳನ್ನೇ ಹೊಡೆಯುವ ಮೆಕ್ಯಾನಿಕ್‌ನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಅವನ ಶೆಡ್ಡಿಗೂ ನನ್ನ ರೊಟ್ಟಿಯ ತಂದೂರಿಗೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ, ಅದೂ ಅರ್ಧ ಬಿದ್ದದ್ದು. ಆ ಕಡೆ ಯಾರ ಕೆನ್ನೆಗೆ ಬಿತ್ತು, ಯಾರ ಹಲ್ಲು ಉದುರಿತು ಎನ್ನುವುದೆಲ್ಲ ಹಿಟ್ಟು ನಾದುತ್ತಲೇ ನನಗೆ ತಿಳಿಯುತ್ತಿತ್ತು. ಎಣ್ಣೆ ಬದಲಿಸದೆ ವರ್ಷಗಟ್ಟಲೆ ಓಡಿಸಿದವನಿಗೆ ಕಪಾಳಕ್ಕೆ. ರೇಡಿಯೇಟರಿನಲ್ಲಿ ನೀರಿಲ್ಲದೆ ಘಾಟಿ ಹತ್ತಿಸಿದವನಿಗೆ ಬೆನ್ನಿಗೆ. ಒಮ್ಮೆ ಒಬ್ಬ ದಢೂತಿ ಕಟುಕ, “ನನ್ನ ಕಾರು, ನನ್ನಿಷ್ಟ” ಎಂದು ಬಾಯಿ ಮಾಡಿದ. ಕಲ್ಮುರ್ಜಾ ಅವನ ತಲೆಯನ್ನು ಬಾನೆಟ್ ಕೆಳಗೆ ತೂರಿಸಿ, “ಈಗ ಹೇಳು ಅದ್ರ ಕಿವಿಗೆ, ನಿನ್ನಿಷ್ಟ ಅಂತ” ಎಂದು ಒತ್ತಿ ಹಿಡಿದಿದ್ದ. ಆದರೂ ಜನ ಬರುತ್ತಿದ್ದರು. ಬೈದುಕೊಂಡು ಬರುತ್ತಿದ್ದರು, ಮೂಗು ಒರೆಸಿಕೊಂಡು ಹೋಗುತ್ತಿದ್ದರು, ಹೋಗುವಾಗ ಕಾರು ಮಾತ್ರ ಬೆಣ್ಣೆಯ ಹಾಗೆ ಓಡುತ್ತಿತ್ತು.

ಈ ಕೋಪ ಅವನಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ನನಗೆ ನಗು ಬರುತ್ತದೆ. ಅವನ ಅಪ್ಪ ಕುದುರೆಗೂ ಮಗನಿಗೂ ಒಂದೇ ಚಾಟಿ ಇಟ್ಟುಕೊಂಡಿದ್ದ ಮನುಷ್ಯ. ಪುಣ್ಯಾತ್ಮ, ಕುದುರೆಯನ್ನಾದರೂ ಆಮೇಲೆ ಸವರುತ್ತಿದ್ದನಂತೆ. ಮೀಸೆ ಬರುವ ಮೊದಲೇ ಕಲ್ಮುರ್ಜಾ ಕುದುರೆ ಮೇಲೆ ಕೂತು ಸತ್ತ ಹೋತನ ಮುಂಡಕ್ಕೆ ಕಿತ್ತಾಡುವ ಆಟಕ್ಕೆ ಇಳಿದ. ಅಲ್ಲಿ ಮುಂದಿನ ಹಲ್ಲುಗಳನ್ನು ಕಳೆದುಕೊಂಡ, ಇನ್ನೊಬ್ಬನ ಹೆಗಲು ಮುರಿದ. ಆಮೇಲೆ ಸೈನ್ಯ. ನಮ್ಮ ಹುಡುಗರನ್ನೆಲ್ಲ ಆಫ್ಘನ್ ಯುದ್ಧಕ್ಕೆ ಅಟ್ಟಿದ ಕಾಲ ಅದು. ಇವನಿಗೆ ಪೆಟ್ರೋಲ್ ಸಾಗಿಸುವ ಲಾರಿ ಕೊಟ್ಟರು. ಆ ಘಾಟಿಗಳಲ್ಲಿ ಲಾರಿ ನಿಂತಿತೋ, ಮೇಲಿನ ಬಂಡೆಯಿಂದ ಗುಂಡು ಬೀಳುತ್ತಿತ್ತು. ನಿಂತ ಲಾರಿ ಎಂದರೆ ಸುಟ್ಟ ಲಾರಿ. ಹಿಂದಿನ ಲಾರಿಯಲ್ಲಿದ್ದ ಗೆಳೆಯ ಬೆಂಕಿಯೊಳಗಿಂದ ಕೂಗಿದ್ದನ್ನು ಇವನು ಕನ್ನಡಿಯಲ್ಲಿ ನೋಡಿಕೊಂಡೇ ಗೇರ್ ಹಾಕಿದನಂತೆ. ಆ ಗೆಳೆಯನ ಲಾರಿ ಬೆಳಗ್ಗೆಯಿಂದ ತಡೆತಡೆದು ಮಿಸ್ಸಿಂಗ್ ಹೊಡೆಯುತ್ತಿತ್ತು, ಯಾರೂ ಕಿವಿಗೊಟ್ಟಿರಲಿಲ್ಲ. ಇದನ್ನು ಅವನು ನನಗೆ ಹೇಳಿದ್ದು ಒಂದೇ ಸಲ, ಕುಡಿದಾಗ. ಮರುದಿನ ಕೇಳಿದ್ದಕ್ಕೆ ನನ್ನ ಹಿಟ್ಟಿನ ಬೋಗುಣಿಯನ್ನೇ ಒದ್ದ.

ಹೆಂಡತಿಯೂ ಇದ್ದಳು ಒಬ್ಬಳು, ಪಾಪ. ಇವನು ಚಹಾ ಕಾಯಿಸುವ ಸಮೋವಾರನ್ನು ಕುದಿಕುದಿಯುತ್ತಲೇ ಗೋಡೆಗೆ ಎಸೆದ ದಿನ ಎದ್ದು ತವರಿಗೆ ಹೋದವಳು ತಿರುಗಿ ನೋಡಲಿಲ್ಲ. ಒಳ್ಳೆಯದೇ ಮಾಡಿದಳು. ನಾನಾಗಿದ್ದರೆ ಆ ಸಮೋವಾರನ್ನು ಅವನ ತಲೆಗೇ ಹಾಕಿ ಹೋಗುತ್ತಿದ್ದೆ.

ಇಂಥವನ ಶೆಡ್ಡಿಗೆ ಆ ಶರತ್ಕಾಲದಲ್ಲಿ ನುರ್ದಿನ್ ಬಂದ. ಮೇಲಿನ ಕೇರಿಯ ಉಮ್ಸುನಾಯ್ ಅಪಾಳ ಕಿರಿಯ ಮಗ; ಹಿರಿಯ ಹೆಂಗಸರನ್ನು ನಾವು ಅಪಾ ಎನ್ನುವುದು. ನಮ್ಮಲ್ಲಿ ತಾಯಿಯನ್ನು ಕೊನೆಯವರೆಗೂ ನೋಡಿಕೊಳ್ಳುವವನು ಕಿರಿಯ ಮಗನೇ. ಹಿರಿಯ ರಿಸ್ಕುಲ್ ಬೇರೆ ಮನೆ ಮಾಡಿಕೊಂಡಿದ್ದ. ನುರ್ದಿನ್‌ನದು ತನಗಿಂತ ಹೆಚ್ಚು ವಯಸ್ಸಾದ ಒಂದು ಬಿಳಿ ಜರ್ಮನ್ ಕಾರು. ಅದರಲ್ಲಿ ಆಲೂಗಡ್ಡೆ ತುಂಬಿ ಘಾಟಿಯಾಚೆಯ ಸಂತೆಗೆ ಒಯ್ಯುತ್ತಿದ್ದ. ಯಾವಾಗಲೂ ಹಲ್ಲು ಕಿಸಿಯುವ ಹುಡುಗ. ಕಲ್ಮುರ್ಜಾನ ಎದುರೂ ಕಿಸಿಯುತ್ತಿದ್ದವನು ಅವನೊಬ್ಬನೇ.

“ಅಣ್ಣಾ, ಒಂದು ಕಡೆ ನಿಲ್ಸಿದ್ರೆ ಎಂಜಿನ್ನು ಚಳಿ ಹಿಡಿದವ್ರ ಥರ ನಡುಗುತ್ತೆ. ಏರು ಬಂದ್ರೆ ಪಿಕಪ್ಪೇ ಇಲ್ಲ. ಕತ್ತೆ ಕೂಡ ನನ್ನ ದಾಟಿ ಹೋಗುತ್ತೆ.”

“ಕತ್ತೆ ಒಳ್ಳೇದು. ಅದ್ರ ಮೇಲೆ ನೀನು ಕೂತಿಲ್ವಲ್ಲ,” ಎಂದ ಕಲ್ಮುರ್ಜಾ. “ಸ್ಟಾರ್ಟ್ ಮಾಡು. ಬಾಯಿ ಮುಚ್ಚು.”

ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಅವನ ಕೆಲಸ ನೋಡುವುದು ನನಗೊಂದು ಚಟ. ಮೊದಲು ಬರಿಗೈಯನ್ನು ಎಂಜಿನ್ನಿನ ಮೇಲಿಟ್ಟ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದ. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತ. ಕಿತ್ತಾಗಲೆಲ್ಲ ಶಾಕ್ ಹೊಡೆಯುತ್ತಿತ್ತು, ಇವನು ಕರೆಂಟಿನ ತಾಯಿಯನ್ನೇ ಬೈಯುತ್ತಿದ್ದ. ಯಾವ ವೈರು ಕಿತ್ತರೂ ಎಂಜಿನ್ ಇನ್ನಷ್ಟು ಕುಗ್ಗಿತು.

“ನಾಲ್ಕೂ ಸಿಲಿಂಡರ್ ದುಡೀತಿವೆ. ಯಾವುದೂ ಸತ್ತಿಲ್ಲ. ಎಲ್ಲೋ ಕಳ್ಳಗಾಳಿ ಕುಡೀತಿದೆ ಇದು.”

ಕೈಯಲ್ಲಿದ್ದ ಬಟ್ಟಲಿನ ಚಹಾವನ್ನು ಬಾಯಿ ತುಂಬ ತುಂಬಿಕೊಂಡು, ರಬ್ಬರ್ ಪೈಪುಗಳ ಮೇಲೆಲ್ಲ ಪುರ್ರೆಂದು ಉಗಿಯುತ್ತ ಬಂದ. ಒಂದು ದಪ್ಪ ಪೈಪಿನ ಮೇಲೆ ಚಹಾ ಬಿದ್ದದ್ದೇ ತಡ, ನಡುಕ ನಿಂತು ಎಂಜಿನ್ ಒಂದು ಗಳಿಗೆ ಹದಕ್ಕೆ ಬಂತು. ಚಹಾ ಒಳಗೆ ಹೀರಿಕೊಂಡ ಮೇಲೆ ಮತ್ತೆ ನಡುಕ. ಅಲ್ಲಿ ಹೆಬ್ಬೆರಳು ಒತ್ತಿದ. ಮತ್ತೆ ಹದ.

“ಬ್ರೇಕ್ ಒತ್ತು. ಹೇಗಿದೆ?”

“ಕಲ್ಲು ಒತ್ತಿದ ಹಾಗಿದೆ ಅಣ್ಣಾ. ಸ್ವಲ್ಪ ದಿನದಿಂದ ಹೀಗೇ.”

ಕಲ್ಮುರ್ಜಾ ಬಾಗಿಲು ತೆಗೆದು ಅವನನ್ನು ಕಾಲರ್ ಹಿಡಿದು ಹೊರಗೆಳೆದ, ಎರಡೂ ಕೆನ್ನೆಗೆ ಬಾರಿಸಿದ. “ಅದನ್ನ ಮೊದ್ಲು ಬೊಗಳ್ಬೇಕು ತಾನೇ! ಪಿಕಪ್ ಇಲ್ವಂತೆ, ಕತ್ತೆ ದಾಟುತ್ತಂತೆ! ಎಂಜಿನ್ನು ಗಾಳಿ ಎಳ್ಕೊಳ್ಳೋ ಬಲದಿಂದ್ಲೇ ಕಣೋ ನಿನ್ನ ಬ್ರೇಕು ಮೆತ್ತಗಿರೋದು. ಈ ಪೈಪು ಒಡೆದ್ರೆ ಆ ಬಲ ಹೋಯ್ತು. ಗೇರ್ ಇಲ್ದೆ ಎಂಜಿನ್ನು ನಿಂತ್ರಂತೂ ಬ್ರೇಕು ಹಿಡಿಯೋದೇ ಇಲ್ಲ. ಇಳಿಜಾರಲ್ಲಿ ಏನ್ ಮಾಡ್ತೀಯ, ಗೇರ್ ಹಾಕ್ಕೊಂಡೇ ಇಳೀತೀಯ ತಾನೇ?”

ನುರ್ದಿನ್ ಕೆನ್ನೆ ಉಜ್ಜಿಕೊಳ್ಳುತ್ತ ನಕ್ಕ. “ಪೆಟ್ರೋಲ್ ಏನು ನಿಮ್ಮಪ್ಪ ಹಾಕಿಸ್ತಾನಾ ಅಣ್ಣಾ? ಎಲ್ರೂ ನ್ಯೂಟ್ರಲ್‌ನಲ್ಲೇ ಇಳಿಯೋದು.”

ಅದು ನಿಜ. ನಮ್ಮ ಕಡೆ ಇಳಿಜಾರು ಬಂತೆಂದರೆ ಗೇರ್ ತೆಗೆದು ಬಿಡುವುದೇ ಅಭ್ಯಾಸ. ಇನ್ನೊಂದು ಏಟು ಹಾಕಿ, ಕಲ್ಮುರ್ಜಾ ಹೊಸ ಪೈಪು ಜೋಡಿಸಿದ. ಎಂಜಿನ್ ಎಷ್ಟು ಮೆತ್ತಗಾಯಿತೆಂದರೆ ನನ್ನ ತಂದೂರಿನ ಚಟಪಟ ಅದಕ್ಕಿಂತ ಜೋರಾಗಿ ಕೇಳಿತು. ಹುಡುಗ ಅವನ ಎಣ್ಣೆಗೈಯನ್ನು ಕಣ್ಣಿಗೊತ್ತಿಕೊಂಡು ಹೋದ.

ಆ ವಾರ ಕಳೆಯುವ ಮೊದಲೇ ಅವನು ಮತ್ತೆ ಬಂದ. ಆಲೂಗಡ್ಡೆ ಮೂಟೆಗಳಿಂದ ಕಾರಿನ ಹಿಂಭಾಗ ನೆಲಕ್ಕೆ ತಾಗುವಂತಿತ್ತು. ಎಂಜಿನ್ ನಿಲ್ಲಿಸದೆ, ಕಿಟಕಿಯಿಂದ ತಲೆ ಹಾಕಿ ಕೂಗಿದ. “ಅಣ್ಣಾ, ನಿನ್ನ ಮದ್ದು ನಿಲ್ಲಲಿಲ್ಲ! ಮತ್ತೆ ಕೆಮ್ತಿದೆ!”

ಹಾಳಾದ್ದು, ಅದೇ ದಿನವೇ ಬರಬೇಕೇ ಅವನು? ಬೆಳಗ್ಗೆಯೇ ಇಬ್ಬರು ಲಾರಿಯವರೊಂದಿಗೆ ಹೊಡೆದಾಡಿ ಕಲ್ಮುರ್ಜಾನ ಹುಬ್ಬು ಒಡೆದಿತ್ತು. ಶೆಡ್ಡಿನ ಮುಂದೆ ಜನ ಬೇರೆ ನಿಂತಿದ್ದರು. ತನ್ನ ಕೆಲಸಕ್ಕೆ ಎಲ್ಲರೆದುರು ಹೆಸರಿಟ್ಟದ್ದು ಕೇಳಿ ಅವನ ಪಿತ್ತ ನೆತ್ತಿಗೇರಿತು.

“ನಾನು ಕೈ ಹಾಕಿದ ಮೇಲೆ ಕೆಮ್ಮೋದು ಎಂಜಿನ್ನಲ್ಲ ಕಣೋ, ನೀನು! ನಾಮರ್ದನ ಹಾಗೆ ಓಡಿಸ್ತೀಯ, ಇಲ್ಲಿ ಬಂದು ಅಳ್ತೀಯ! ನಡಿ!”

“ಕೇಳಾದ್ರೂ ಕೇಳು ಅಣ್ಣಾ, ಒಂದ್ಸಲ…”

ಕಲ್ಮುರ್ಜಾ ಕೈಯಲ್ಲಿದ್ದ ಸ್ಪ್ಯಾನರ್ ಬೀಸಿ ಎಸೆದ. ಹಿಂದಿನ ದೀಪ ಪುಡಿಯಾಯಿತು. ಜನ ಹೋ ಎಂದು ನಕ್ಕರು. ನುರ್ದಿನ್ ಕೂಡ ನಕ್ಕ. “ದೀಪ ನಿನ್ ಲೆಕ್ಕಕ್ಕೆ, ನಾಳೆ ಬರ್ತೀನಿ” ಎಂದು ಕೂಗಿ, ಕಾರನ್ನು ಕೆಮ್ಮಿಸಿಕೊಂಡೇ ಘಾಟಿಯ ಕಡೆ ಹೊರಟ.

ನಾಳೆ ಅವನು ಬರಲಿಲ್ಲ. ಘಾಟಿ ಹತ್ತಿ, ಆಚೆ ಬದಿ ಇಳಿಯುವಾಗ, ಎಲ್ಲರಂತೆ ಗೇರ್ ತೆಗೆದಿದ್ದಾನೆ. ನಡುಗುತ್ತಿದ್ದ ಎಂಜಿನ್ ಅಲ್ಲೇ ನಿಂತುಹೋಗಿದೆ. ಬ್ರೇಕು ಕಲ್ಲಾಗಿದೆ. ಹಿಂದೆ ಬರುತ್ತಿದ್ದ ಕುರುಬನೊಬ್ಬ ನೋಡಿದ್ದಾನೆ. ತಿರುವಿನಲ್ಲಿ ಬಿಳಿ ಕಾರು ತಿರುಗಲೇ ಇಲ್ಲವಂತೆ, ನೇರ ಹೋಯಿತಂತೆ. ಕೆಳಗೆ ಹೊಳೆಯ ಬಂಡೆಗಳ ಮೇಲೆ ಆಲೂಗಡ್ಡೆ ಚೆಲ್ಲಿತ್ತು. ಹುಡುಗನ ಬಲಗಾಲು ಬ್ರೇಕಿನ ಮೇಲೇ ಮುರಿದಿತ್ತು. ಅಷ್ಟು ಜೋರಾಗಿ ತುಳಿದಿದ್ದ.

ಮಣ್ಣು ಮಾಡಿದ ಮರುದಿನವೇ ರಿಸ್ಕುಲ್ ತನ್ನ ದಾಯಾದಿಗಳನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ಕಬ್ಬಿಣದ ಸಲಾಕೆ. ಶೆಡ್ಡಿನೊಳಗೆ ಮೊದಲ ಏಟು ಬಿದ್ದ ಸದ್ದು ನನಗೆ ಚೀಲ ಕುಕ್ಕಿದ ಹಾಗೆ ಕೇಳಿತು. ಆಮೇಲೆ ಎಲುಬು ಮುರಿದ ಸದ್ದು. ಕಲ್ಮುರ್ಜಾನೂ ಸುಮ್ಮನಿರುವ ಜಾತಿಯಲ್ಲ. ಒಬ್ಬನ ಕಿವಿ ಕಚ್ಚಿ ಹಿಡಿದಿದ್ದ, ಇನ್ನೊಬ್ಬನ ಮೊಣಕಾಲಿಗೆ ಜ್ಯಾಕು ಎತ್ತಿ ಹಾಕಿದ್ದ. ಆದರೆ ಎಷ್ಟು ಜನಕ್ಕೆ ಅಂತ ಹೊಡೆಯುತ್ತಾನೆ? ಕೆಳಗೆ ಬಿದ್ದ ಮೇಲೆ ಒದೆಯಲು ಶುರುಮಾಡಿದರು. ನನಗೆ ಎಲ್ಲಿಂದ ಧೈರ್ಯ ಬಂತೋ, ತಂದೂರಿನಿಂದ ರೊಟ್ಟಿ ಕೀಳುವ ಕೊಕ್ಕೆ ಇನ್ನೂ ಕೆಂಪಗಿತ್ತು, ಹಿಡಿದುಕೊಂಡು ಗೋಡೆ ಹಾರಿದೆ. ಒಬ್ಬನ ಅಂಡಿಗೆ ಇಟ್ಟೆ. ಅವನು ಕಿರುಚಿದ ಕಿರುಚು ಇವತ್ತಿಗೂ ನನಗೆ ಖುಷಿ ಕೊಡುತ್ತದೆ.

“ಬುರುಲಕ್ಕಾ, ನೀನು ಮಧ್ಯ ಬರ್ಬೇಡ!” ಎಂದು ರಿಸ್ಕುಲ್ ಗರ್ಜಿಸಿದ. ಅವನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. “ನನ್ನ ತಮ್ಮನ್ನ ಕೊಂದವ್ನು ಇವ್ನು!”

“ಕೊಂದಿದ್ರೆ ಊರು ಹೇಳ್ಲಿ! ಹಿಂಡಲ್ಲಿ ಬಂದು ಒಬ್ಬನ್ನ ತುಳಿಯೋಕೆ ನೀವೇನು ತೋಳಗಳಾ?”

ಅಷ್ಟರಲ್ಲಿ ಸಾತಾರ್ ಅಜ್ಜ ಕುದುರೆಯ ಮೇಲೆ ಬಂದ. ನಮ್ಮ ಊರಿನ ಬಿಳಿಗಡ್ಡದ ಹಿರಿಯರಲ್ಲಿ ಕೊನೆಯ ಮಾತು ಅವನದೇ. ಕುದುರೆಯನ್ನು ನೇರ ಗುಂಪಿನ ಮೇಲೇ ನುಗ್ಗಿಸಿ, ಎಡಕ್ಕೂ ಬಲಕ್ಕೂ ಚಾಟಿ ಬೀಸಿದ. ಎಲ್ಲ ಚೆದುರಿದ ಮೇಲೆ ತೀರ್ಪು ಹೇಳಿದ. ಕಾರಿನ ಹೆಣವನ್ನು ಹೊಳೆಯಿಂದ ಎಳೆಸುತ್ತೇನೆ. ಕಲ್ಮುರ್ಜಾ ಬಿಚ್ಚಿ ನೋಡಲಿ. ನುರ್ದಿನ್‌ನ ಸಾವಿನ ನಲವತ್ತನೇ ದಿನದ ಊಟದಲ್ಲಿ ಎಲ್ಲರೆದುರು ನಿಂತು, ಅವನನ್ನು ಕೊಂದದ್ದು ಏನು ಎಂದು ಹೇಳಲಿ. ಇವನು ಸುಳ್ಳು ಹೇಳುವವನಲ್ಲ ಎಂದು ಊರಿಗೆಲ್ಲ ಗೊತ್ತು.

“ತಪ್ಪು ಇವನ ಕೈಯದೇ ಆಗಿದ್ರೆ?” ರಿಸ್ಕುಲ್ ಕೇಳಿದ.

ಅಜ್ಜ ಬಿದ್ದಿದ್ದವನನ್ನು ನೋಡಿದ. “ಆಗಿದ್ರೆ ಇವ್ನು ನಿನ್ನವ್ನು. ನಾನು ಮುಖ ತಿರುಗಿಸ್ಕೊಂಡು ಕೂತ್ಕೋತೀನಿ.”

ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡು, ಪಕ್ಕೆಲುಬು ಹಿಡಿದುಕೊಂಡು ಕಲ್ಮುರ್ಜಾ ಆ ಕಾರಿನ ಮುಂದೆ ಕೂತ. ಟ್ರಾಕ್ಟರ್‌ನವನು ಅದನ್ನು ಶೆಡ್ಡಿನ ಹಿಂದೆ ಎಸೆದು ಹೋಗಿದ್ದ. ನುಜ್ಜುಗುಜ್ಜಾಗಿತ್ತು. ಸೀಟಿನ ಮೇಲೆ ರಕ್ತ ಕಪ್ಪಗಾಗಿತ್ತು. ಬಾನೆಟ್ಟನ್ನು ಸಲಾಕೆಯಿಂದ ಮೀಟಿ ಎಬ್ಬಿಸಲು ನಾನು ಕೈ ಕೊಟ್ಟೆ. ಅವನು ಒಂದೊಂದೇ ಮುಟ್ಟುತ್ತ ಹೋದ. ಪ್ಲಗ್ಗು ಸರಿ. ವೈರು ಸರಿ. ಬ್ರೇಕಿನ ಎಣ್ಣೆ ಹಾಗೇ ಇತ್ತು. ಆಮೇಲೆ ತಾನೇ ಜೋಡಿಸಿದ್ದ ಪೈಪಿಗೆ ಬಂದ. ಎರಡೂ ತುದಿಗೆ ತಾನು ಬಿಗಿದಿದ್ದ ಕ್ಲಾಂಪು ಕಚ್ಚಿಕೊಂಡೇ ಇದ್ದವು. ಬಿಚ್ಚಿ ತೆಗೆದು ತಿರುಗಿಸಿ ನೋಡಿದವನ ಮುಖ ಬದಲಾಯಿತು.

ಬಾಗಿದ ಕಡೆ ಒಂದು ತೂತು. ಬೆರಳು ತೂರುವಷ್ಟು. ಹರಿದದ್ದಲ್ಲ, ಬಿರಿದದ್ದಲ್ಲ. ಅಂಚು ಕರಗಿ ಉಂಡೆಗಟ್ಟಿತ್ತು, ಅದಕ್ಕೆ ಇದ್ದಿಲಿನ ಚೂರೊಂದು ಅಂಟಿಕೊಂಡಿತ್ತು.

“ಬುರುಲ್, ಇದು ಕೆಂಡ. ಯಾರೋ ಕೆಂಡ ಇಟ್ಟಿದಾರೆ.”

“ಬಿದ್ದಾಗ ಬೆಂಕಿ ಹತ್ತಿರ್ಬಹುದು.”

“ಬೆಂಕಿ ಹತ್ತಿದ್ರೆ ಪಕ್ಕದ ವೈರು ಉಳೀತಿತ್ತಾ? ನೋಡು, ಬಣ್ಣ ಕೂಡ ಮಾಸಿಲ್ಲ. ಇಷ್ಟೇ ಜಾಗ. ಅದಕ್ಕೇ ಕಣೇ ಹುಡುಗ ಮತ್ತೆ ಕೆಮ್ತಿದೆ ಅಂದಿದ್ದು.” ಮಾತು ಅಲ್ಲಿ ನಿಂತಿತು. ಆ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಆಮೇಲೆ ಹಲ್ಲು ಕಡಿದ. “ರಿಸ್ಕುಲ್. ಅಪ್ಪನ ಹುಲ್ಲುಗಾವಲಿಗೆ ತಮ್ಮನ ಹತ್ರ ಕಿತ್ತಾಡಿದ್ದ ತಾನೇ ಬೇಸಿಗೇಲಿ? ಅವನೇ ಸುಟ್ಟಿದಾನೆ. ಸುಟ್ಟು, ನನ್ನ ಮೇಲೆ ಹಾಕಿದಾನೆ ಸೂಳೆಮಗ!”

ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ. ರಿಸ್ಕುಲ್‌ನ ಕಣ್ಣೀರು ನೆನೆದು ನೆಲಕ್ಕೆ ಉಗಿದೆ. ಅಂದಿನಿಂದ ಕಲ್ಮುರ್ಜಾ ಆ ಪೈಪನ್ನು ಅಂಗಿಯೊಳಗೆ ಇಟ್ಟುಕೊಂಡೇ ಮಲಗುತ್ತಿದ್ದ. ಬೂಟಿನೊಳಗೆ ಚಾಕು ಬೇರೆ. “ಊಟದ ದಿನ ಎಲ್ರೆದುರು ಇದನ್ನ ಅವನ ಬಾಯಿಗೆ ತುರುಕ್ತೀನಿ. ಆಮೇಲೆ ಕುತ್ತಿಗೆ ಕೊಯ್ತೀನಿ,” ಎನ್ನುತ್ತಿದ್ದ. ಅಷ್ಟು ಹುರುಪಿನಲ್ಲಿ ನಾನು ಅವನನ್ನು ಕಂಡೇ ಇರಲಿಲ್ಲ.

ಊಟದ ದಿನ ಉಮ್ಸುನಾಯ್ ಅಪಾಳ ಅಂಗಳದಲ್ಲಿ ಕುದುರೆ ಕಡಿದಿದ್ದರು. ದೊಡ್ಡ ಕಡಾಯಿಗಳ ಕೆಳಗೆ ಬೆಂಕಿ ಧಗಧಗ ಉರಿಯುತ್ತಿತ್ತು. ಗಂಡಸರು ದೂರದಿಂದಲೇ “ಅಯ್ಯೋ ನನ್ನ ತಮ್ಮಾ” ಎಂದು ಬೊಬ್ಬೆ ಹಾಕುತ್ತ ಬಂದು ಕೋಲಿಗೆ ಒರಗಿ ನಿಲ್ಲುತ್ತಿದ್ದರು. ಹೆಂಗಸರು ಶೋಕಕ್ಕೆಂದು ಎಬ್ಬಿಸಿದ್ದ ಗುಡಾರದ ಒಳಗೆ, ಗೋಡೆಗೆ ಮುಖ ಮಾಡಿ ಕೂತು ಹಾಡಿ ಅಳುತ್ತಿದ್ದರು. ಕಲ್ಮುರ್ಜಾ ಬಂದಾಗ ಅಂಗಳ ಸ್ತಬ್ಧವಾಯಿತು. ರಿಸ್ಕುಲ್ ಕೊಡಲಿ ಹಿಡಿದು ಎದ್ದ. ಸಾತಾರ್ ಅಜ್ಜ ಕೈ ಎತ್ತಿ ತಡೆದ. ಕಲ್ಮುರ್ಜಾನ ಕೈ ಅಂಗಿಯೊಳಗೆ ಹೋಯಿತು. ಪೈಪಿನ ತುದಿ ಹೊರಗೆ ಕಂಡಿತು.

ಆ ನಿಶ್ಶಬ್ದದಲ್ಲಿ ಗುಡಾರದ ಒಳಗಿಂದ ಮುದುಕಿಯ ದನಿ ಸ್ಪಷ್ಟವಾಗಿ ಕೇಳಿತು. ಕೆನ್ನೆಯನ್ನು ಉಗುರಿನಿಂದ ಸೀಳಿಕೊಳ್ಳುತ್ತ ಹಾಡುತ್ತಿದ್ದಳು.

“ಕಣ್ಣು ಬಿದ್ದ ಬಂಡಿಯ ಬಾಯಿ ತೆಗೆದೆನಲ್ಲೋ ಮಗನೇ, ಒಳಹೊಟ್ಟೆಯ ಕಾಯಿಲೆಗೆ ಹೊಗೆ ಕೊಟ್ಟೆನಲ್ಲೋ ಕಂದಾ. ಬಾಣಲೆಯ ಕೆಂಡ ನಾನೇ ಹಿಡಿದೆನಲ್ಲೋ, ಕೆಂಡ ಸಿಡಿದರೂ ಕೈ ಹಿಂದೆಗೆಯಲಿಲ್ಲವಲ್ಲೋ. ಅಷ್ಟು ಹೊಗೆ ಕೊಟ್ಟರೂ ನಿನ್ನ ಕಾಯಲಿಲ್ಲವಲ್ಲೋ, ಆ ಪಾಪಿಯ ಕೈ ನಿನ್ನ ತಿಂದಿತಲ್ಲೋ…”

ನಮ್ಮಲ್ಲಿ ಕಾಯಿಲೆ ಬಿದ್ದು ಎದ್ದ ಮಗುವಿಗೆ, ಕುದುರೆಗೆ, ಕಾರಿಗೆ, ಎಲ್ಲಕ್ಕೂ ಆರ್ಚಾ ಮರದ ಸೊಪ್ಪನ್ನು ಕೆಂಡದ ಮೇಲೆ ಹಾಕಿ ಹೊಗೆ ಸುತ್ತಿಸುತ್ತೇವೆ. ಆದರೆ ಸುತ್ತಿಸುವುದು ಹೊರಗಡೆಯಿಂದ. ಬಾನೆಟ್ ತೆಗೆದು ಒಳಗೆ ಬಾಣಲೆ ಹಿಡಿಯುವವರನ್ನು ನಾನು ಕಂಡಿರಲಿಲ್ಲ. ಒಳಗೇ ಕಾಯಿಲೆ ಇತ್ತು ಎಂದು ಮಗ ಹೇಳಿದ್ದಾನೆ, ತಾಯಿ ಒಳಗೇ ಹೊಗೆ ಹಾಕಿದ್ದಾಳೆ. ಆರ್ಚಾ ಸೊಪ್ಪು ಕೆಂಡದ ಮೇಲೆ ಬಿದ್ದರೆ ಹೇಗೆ ಸಿಡಿಯುತ್ತದೆ ಎಂದು ದಿನಾ ಒಲೆ ಮುಂದೆ ಕೂರುವ ನನಗೆ ಗೊತ್ತಿಲ್ಲವೇ? ಸಿಡಿದ ಕೆಂಡ ಆ ಹೊಸ ಪೈಪಿನ ಮೇಲೇ ಬಿದ್ದಿದೆ. ನಾನು ಕಲ್ಮುರ್ಜಾನನ್ನು ನೋಡಿದೆ. ಅವನೂ ಕೇಳಿಸಿಕೊಂಡಿದ್ದ. ಅವನ ಮುಖದಲ್ಲಿ ಒಂದು ಹನಿ ರಕ್ತ ಉಳಿದಿರಲಿಲ್ಲ.

“ಹೇಳು,” ಎಂದ ಸಾತಾರ್ ಅಜ್ಜ. “ಏನು ಕಂಡೆ?”

ಕಲ್ಮುರ್ಜಾ ಕಡಾಯಿಯ ಕಡೆ ನಡೆದ. ಪೈಪನ್ನು ತೆಗೆದು ಬೆಂಕಿಯೊಳಗೆ ಒತ್ತಿದ. ಕಪ್ಪು ಹೊಗೆ ಎದ್ದಿತು. ಎಲ್ಲರೂ ಬೆರಗಾಗಿ ನೋಡುತ್ತಿದ್ದರು. ನಾನು ಓಡಿ ಹೋಗಿ ಅವನ ತೋಳು ಹಿಡಿದೆ. “ಏನ್ ಮಾಡ್ತಿದೀಯ? ಹೇಳೋ! ಹೇಳು!” ಅವನು ಬಲಗೈಯಿಂದ ನನ್ನ ಮಣಿಕಟ್ಟು ತಿರುಚಿದ. ಕಡ್ಡಿ ಮುರಿದಂತೆ ಒಳಗೆ ಏನೋ ಕಟಕ್ಕೆಂದಿತು. “ಬಾಯಿ ಬಿಟ್ರೆ ನಿನ್ನ ನಾಲಿಗೆ ಕೀಳ್ತೀನಿ ಬುರುಲ್,” ಎಂದ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ.

“ಪೈಪು ನಾನು ಹಾಕಿದ್ದು. ಕ್ಲಾಂಪು ಸರಿಯಾಗಿ ಬಿಗೀಲಿಲ್ಲ. ಹುಡುಗ ಎರಡನೇ ಸಲ ಬಂದು, ಕೇಳಾದ್ರೂ ಕೇಳು ಅಂದ. ನಾನು ಕೇಳಲಿಲ್ಲ. ಸ್ಪ್ಯಾನರ್ ಎಸೆದು ಓಡಿಸ್ದೆ. ಕೊಂದಿದ್ದು ನಾನೇ.”

ಸಾತಾರ್ ಅಜ್ಜ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಹೇಳಿದ ಮಾತಿನಂತೆ ಮುಖ ತಿರುಗಿಸಿಕೊಂಡು ಕೂತ.

ಆಮೇಲಿನದನ್ನು ಹೇಳಲು ನನಗೆ ಇಷ್ಟವಿಲ್ಲ, ಆದರೂ ಹೇಳುತ್ತೇನೆ. ಕುದುರೆಯ ಎಲುಬು ಕಡಿಯುವ ಕೊರಡು ಅಲ್ಲೇ ಇತ್ತು. ಅವನ ಬಲಗೈಯನ್ನು ಅದರ ಮೇಲೆ ಹಿಡಿದರು. ಹಿಡಿಯುವ ಅಗತ್ಯವೇ ಇರಲಿಲ್ಲ, ಅವನೇ ಇಟ್ಟಿದ್ದ. ರಿಸ್ಕುಲ್ ಕೊಡಲಿ ತಿರುಗಿಸಿ ಅದರ ಹಿಂಬದಿಯಿಂದ ಬಾರಿಸಿದ. ಮತ್ತೆ ಬಾರಿಸಿದ. ಬೆರಳುಗಳು ಬೆರಳುಗಳಾಗಿ ಉಳಿದಿರುವವರೆಗೂ ಕಲ್ಮುರ್ಜಾ ಕೂಗಲಿಲ್ಲ. ಆಮೇಲೆ ಕೂಗಿದ ನೋಡಿ, ಕಟ್ಟಿದ್ದ ಕುದುರೆಗಳೆಲ್ಲ ಹಗ್ಗ ಕಿತ್ತವು. ರಿಸ್ಕುಲ್ ಕೊಡಲಿಯನ್ನು ನೆಟ್ಟಗೆ ಹಿಡಿದು ಕುತ್ತಿಗೆಯ ಕಡೆ ಎತ್ತಿದಾಗ ಗುಡಾರದ ಬಾಗಿಲಿನಿಂದ ಉಮ್ಸುನಾಯ್ ಅಪಾ ಹೊರಗೆ ಬಂದಳು. ಕೆನ್ನೆಯಿಂದ ರಕ್ತ ಕೊರಳಿಗೆ ಇಳಿದಿತ್ತು. ಯಾರದೋ ಕೋಲು ಕಿತ್ತುಕೊಂಡು, ಬಿದ್ದಿದ್ದವನ ಬೆನ್ನಿಗೆ ಹೊಡೆಯಲು ಶುರುಮಾಡಿದಳು. ತೋಳು ಸೋತು ತಾನೇ ಕುಸಿಯುವವರೆಗೆ ಹೊಡೆದಳು.

“ಸಾಯಿಸ್ಬೇಡ ಇವನ್ನ,” ಎಂದಳು ಏದುಸಿರು ಬಿಡುತ್ತ ಮಗನಿಗೆ. “ಸತ್ರೆ ಇವನು ತಪ್ಪಿಸ್ಕೊಂಡು ಬಿಡ್ತಾನೆ. ಬದುಕಿರ್ಲಿ. ನಂಗೆ ಕೈಲಾಗೋವರೆಗೂ ನಾನೇ ಹೊಡೀತೀನಿ.”

ಹೀಗೆ ಅವನ ಜೀವ ಉಳಿಯಿತು.

ಮುರಿದ ಮಣಿಕಟ್ಟಿನಲ್ಲೇ ನಾನು ಅವನಿಗೆ ಸೂಪು ಕುಡಿಸಿದೆ, ಕುಡಿಸುತ್ತಲೇ ಬೈದೆ. “ನಿನಗೇನು ತಲೆ ಕೆಟ್ಟಿದ್ಯಾ? ಕೆಂಡ ಅವಳದು! ಅವಳೇ ಬಾಯಾರೆ ಹಾಡಿದ್ಲು! ನಾನು ಹೋಗಿ ಹೇಳ್ತೀನಿ, ಇವತ್ತೇ ಹೇಳ್ತೀನಿ!”

“ಹೇಳಿ ಏನ್ ಮಾಡ್ತೀಯ? ನನ್ನ ಕೈ ವಾಪಸ್ ಬರುತ್ತಾ?”

“ಅವಳಿಗೆ ಗೊತ್ತಾಗ್ಬೇಕು!”

“ಗೊತ್ತಾದ್ರೆ ಅವತ್ತೇ ಹೊಳೆಗೆ ಹಾರ್ತಾಳೆ.” ಅವನು ಗೋಡೆಯ ಕಡೆ ತಿರುಗಿದ. “ನಾನು ಬಾನೆಟ್ ತೆಗೆದಿದ್ರೆ ಸಾಕಿತ್ತು ಬುರುಲ್. ಬರೀ ಕಿವಿ ಕೊಟ್ಟಿದ್ರೂ ಸಾಕಿತ್ತು. ಆ ಸುಯ್ ಅನ್ನೋ ಸದ್ದು ನಂಗೆ ಇಲ್ಲಿಂದ್ಲೇ ಕೇಳ್ತಿತ್ತು. ನಾನು ಹೇಳಿದ್ದರಲ್ಲಿ ಸುಳ್ಳು ಅಂದ್ರೆ ಆ ಕ್ಲಾಂಪಿನ ಮಾತೊಂದೇ.”

ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೋಪ ಬಂತು ನನಗೆ. ಸೂಪಿನ ಬಟ್ಟಲನ್ನು ಅಲ್ಲೇ ಕುಕ್ಕಿ ಎದ್ದುಬಂದೆ, ಬಂದು ನಾನೂ ಅತ್ತೆ.

ಆ ಕೈ ಮತ್ತೆ ಸ್ಪ್ಯಾನರ್ ಹಿಡಿಯಲಿಲ್ಲ. ಆದರೆ ಕಿವಿ ಇತ್ತಲ್ಲ. ವರ್ಷ ಕಳೆದ ಮೇಲೆ ಒಬ್ಬೊಬ್ಬರೇ ಬರತೊಡಗಿದರು. ಇವನು ಕಲ್ಲಿನ ಮೇಲೆ ಕೂತು ಕೇಳಿ ಹೇಳುವುದು, ಅವರೇ ಬಿಚ್ಚಿ ಜೋಡಿಸಿಕೊಳ್ಳುವುದು. ಕೈ ಎತ್ತುವುದು ಪೂರ್ತಿ ನಿಂತುಹೋಯಿತು. ಆ ಹಳೆಯ ಕಟುಕನೇ ಒಮ್ಮೆ, “ಕಲ್ಮುರ್ಜಾ ಅಣ್ಣಾ, ಎಡಗೈಲಾದ್ರೂ ಒಂದು ಬಿಡು. ಏಟಿಲ್ದೆ ನಿನ್ನ ಮಾತಿಗೆ ನಂಬಿಕೇನೇ ಬರಲ್ಲ” ಎಂದ. ನಾವೆಲ್ಲ ನಕ್ಕೆವು, ಅವನು ನಗಲಿಲ್ಲ. ಎಷ್ಟು ಹಳೆಯ ಡಬ್ಬ ಕಾರು ತಂದರೂ, ಎಷ್ಟು ಸಲ ತಂದರೂ, “ಸ್ಟಾರ್ಟ್ ಮಾಡಪ್ಪಾ, ಕೇಳೋಣ” ಎನ್ನುತ್ತಿದ್ದ.

ಉಮ್ಸುನಾಯ್ ಅಪಾ ಆಡಿದ ಮಾತು ತಪ್ಪಲಿಲ್ಲ. ಪ್ರತಿ ಸಂತೆಯ ದಿನ ಕೋಲು ಊರಿಕೊಂಡು ಮೇಲಿನ ಕೇರಿಯಿಂದ ಇಳಿದು ಬರುತ್ತಿದ್ದಳು. ಶೆಡ್ಡಿನ ಮುಂದೆ ನಿಂತು, ಬಾಯಿಗೆ ಬಂದಂತೆ ಶಪಿಸಿ, ಅವನ ಬೆನ್ನಿಗೆ, ಹೆಗಲಿಗೆ, ಎಲ್ಲಿ ಸಿಕ್ಕಿದರೆ ಅಲ್ಲಿ ಹೊಡೆಯುತ್ತಿದ್ದಳು. ಮೊದಮೊದಲು ಜನ ಸೇರುತ್ತಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು. ಅವನು ಕೂತಲ್ಲಿಂದ ಏಳುತ್ತಿರಲಿಲ್ಲ, ತಲೆ ಎತ್ತುತ್ತಿರಲಿಲ್ಲ. ಹೊಡೆದು ದಣಿದ ಮೇಲೆ ಅವಳು ನನ್ನ ಹತ್ತಿರ ರೊಟ್ಟಿ ತೆಗೆದುಕೊಂಡು ಹೋಗುತ್ತಿದ್ದಳು. “ಇವತ್ತು ಚೆನ್ನಾಗಿ ಬಿತ್ತು ಅವನಿಗೆ,” ಎನ್ನುತ್ತಿದ್ದಳು. ಮುಖದಲ್ಲಿ ಸ್ವಲ್ಪ ಬಣ್ಣ ಬಂದಿರುತ್ತಿತ್ತು. ನನ್ನ ನಾಲಿಗೆ ತುದಿಗೆ ಬಂದ ಮಾತನ್ನು ನಾನು ಎಷ್ಟು ಸಲ ನುಂಗಿದ್ದೇನೋ, ನನಗೇ ಗೊತ್ತು.

ವರ್ಷಗಳು ಹೋದವು, ಮುದುಕಿ ಕುಗ್ಗಿದಳು. ಹೋದ ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಗಾಜಿನಂತಾಗಿದ್ದ ಒಂದು ಸಂತೆಯ ದಿನ, ಇವತ್ತು ಬರಲಾರಳು ಅಂದುಕೊಂಡೆ. ಕಲ್ಮುರ್ಜಾ ಮಾತ್ರ ಬೆಳಗ್ಗೆಯಿಂದ ಎದ್ದು ಎದ್ದು ದಾರಿ ನೋಡುತ್ತಿದ್ದ. ಬಂದಳು. ಹೆಜ್ಜೆ ಹೆಜ್ಜೆಗೂ ನಿಂತು ಉಸಿರೆಳೆದುಕೊಳ್ಳುತ್ತ ಬಂದಳು. ಅವನ ಮುಂದೆ ನಿಂತು ಬೈಯಲು ಬಾಯಿ ತೆರೆದಳು, ಕೆಮ್ಮು ಬಂತು. ಕೋಲು ಎತ್ತಲು ನೋಡಿದಳು. ಅದು ಮೊಣಕಾಲಿನಿಂದ ಮೇಲೆ ಏಳಲಿಲ್ಲ. ಇನ್ನೊಮ್ಮೆ ಎತ್ತಿದಳು, ಆಗಲಿಲ್ಲ. ಕೋಲನ್ನೂ ತನ್ನ ಕೈಯನ್ನೂ ಹೊಸದಾಗಿ ಕಂಡವಳಂತೆ ನೋಡಿಕೊಂಡಳು.

ಕಲ್ಮುರ್ಜಾ ಕಲ್ಲಿನ ಮೇಲಿಂದ ಇಳಿದು ಹಿಮದ ಮೇಲೆ ಮಂಡಿಯೂರಿದ. ಬೆನ್ನನ್ನು ನೆಲದ ಮಟ್ಟಕ್ಕೆ ಬಗ್ಗಿಸಿದ.

“ಈಗ ಎಟುಕುತ್ತೆ ನೋಡಿ ಅಪಾ,” ಎಂದ.

ಅವಳು ಹೊಡೆದಳು.